ತಿರುಮಲೆ ಅಯ್ಯಂಗಾರರ ಅಣೆಕಟ್ಟೆ, ಸಿರುಗುಪ್ಪದ ಗದ್ದೆ

ತುಂಗಭದ್ರಾ ಜಲಾಶಯವನ್ನು ಹೊಗಳುವವರು ಅದರ ಗೋಡೆಯನ್ನು ಹೊಗಳುತ್ತಾರೆ. ಅದು ನ್ಯಾಯವೇ. ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕೂರಿಸಿ, ಯಂತ್ರಕ್ಕಿಂತ ಕೂಲಿಯವರ ಕೈಯನ್ನೇ ಹೆಚ್ಚು ನಂಬಿ ಎಬ್ಬಿಸಿದ ಕಟ್ಟಡ ಅದು. ಬಲದಂಡೆಯ ಕೆಲಸ ಮದ್ರಾಸಿನದು, ಎಡದಂಡೆಯದು ಹೈದರಾಬಾದಿನದು. 1945ರಲ್ಲಿ ಅಡಿಗಲ್ಲು ಬಿತ್ತು. ನಡುವೆ ದೇಶ ಸ್ವತಂತ್ರವಾಯಿತು, ನಿಜಾಮನ ಆಳ್ವಿಕೆ ಮುಗಿಯಿತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಇಷ್ಟು ಏರುಪೇರಿನ ನಡುವೆಯೂ ಕೆಲಸವನ್ನು ದಡ ಸೇರಿಸಿದವರಲ್ಲಿ ಮದ್ರಾಸಿನ ಮುಖ್ಯ ಎಂಜಿನಿಯರ್ ಎಂ.ಎಸ್. ತಿರುಮಲೆ ಅಯ್ಯಂಗಾರರ ಹೆಸರು ಮೊದಲ ಸಾಲಿನದು.

ಆದರೆ ನೀರಾವರಿ ಎಂಜಿನಿಯರನ ಕೆಲಸವನ್ನು ಗದ್ದೆಯಲ್ಲಿ ನಿಂತೂ ಅಳೆಯಬೇಕು. ಧಾತು ಸಂವತ್ಸರದ ಬರ ಬಳ್ಳಾರಿ ಸೀಮೆಯನ್ನು ಬರಿದು ಮಾಡಿತ್ತು. ಅದಕ್ಕೂ ಮೊದಲೇ, 1860ರ ಹೊತ್ತಿಗೆ, ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಈ ನದಿಗೆ ಜಲಾಶಯ ಬೇಕೆಂದಿದ್ದ. ಹಾಗಾಗಿ ಬಲದಂಡೆಯ ಕಾಲುವೆಗಳ ಲೆಕ್ಕಾಚಾರದ ಹಿಂದೆ ಬರದ ನೆನಪಿದೆ: ಇದ್ದ ನೀರನ್ನು ಹೆಚ್ಚು ಹೊಲಗಳಿಗೆ ತೆಳ್ಳಗೆ ಹಂಚುವುದು, ಜೋಳ, ಹತ್ತಿಯಂಥ ಬೆಳೆ ಉಳಿಸುವುದು. ಸಿರುಗುಪ್ಪ, ದೇಸನೂರಿನ ವಿಜಯನಗರ ಕಾಲದ ಕಾಲುವೆಗಳು ಹೊಳೆಯ ಮಗ್ಗುಲಿನ ನೆಲಕ್ಕಷ್ಟೇ ನೀರುಣಿಸಿದವು. ಕೆಳಮಟ್ಟದ ಕಾಲುವೆ, ಜನರ ಬಾಯಲ್ಲಿ ಎಲ್‌ಎಲ್‌ಸಿ, ಕುರುಗೋಡಿನ ಎರೆ ಹೊಲಗಳನ್ನು ದಾಟಿ ಆದೋನಿಯವರೆಗೆ ಹೋಯಿತು. ಮೇಲ್ಮಟ್ಟದ ಕಾಲುವೆಯ ನೀರು ಅಲ್ಲೀಪುರದ ಕೆರೆ ತುಂಬಿ ಬಳ್ಳಾರಿ ನಗರದ ನಲ್ಲಿಗೆ ಬರುತ್ತದೆ. ಈ ವಿಸ್ತಾರದ ಕಲ್ಪನೆಯೇ ಯೋಜನೆಯ ನಿಜವಾದ ಸಾಧನೆ ಎಂಬುದು ನನ್ನ ಎಣಿಕೆ.

ಅದರ ದೌರ್ಬಲ್ಯವೂ ಅಲ್ಲೇ ಇದೆ. ತೂಬಿನ ಪಕ್ಕದ ರೈತ ಭತ್ತ ಹಾಕದೇ ಇರುತ್ತಾನೆಯೇ? ಅವನನ್ನು ದೂರಲಾರೆ, ಭತ್ತಕ್ಕೆ ಅಕ್ಕಿ ಗಿರಣಿಯಿತ್ತು, ಕೊಳ್ಳುವವರಿದ್ದರು. ಯೋಜನೆ ನೀರಿನ ಪಾಲನ್ನು ಗೊತ್ತುಮಾಡಿತು, ಆ ಪಾಲನ್ನು ಕೊನೆಯ ಹೊಲದವರೆಗೆ ಕಾಯುವ ವ್ಯವಸ್ಥೆಯನ್ನು ಗಟ್ಟಿ ಮಾಡಲಿಲ್ಲ. ಕಾಲುವೆಯ ಕೆಳಭಾಗ ಒಣಗಿತು. ಮೇಲ್ಭಾಗದ ಎರೆ ಭೂಮಿ ನೀರು ಬಸಿಯದೆ ಸವಳಾಯಿತು. ಅಂಥ ಹೊಲದಲ್ಲಿ ಬೇಸಿಗೆಗೆ ಹೆಂಟೆಗಳ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ಬಿತ್ತಿದ ಬೀಜ ಮಧ್ಯೆ ಮಧ್ಯೆ ಹುಟ್ಟುವುದೇ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಡೆಹಲಗೆ ಇಳಿಸಿ, ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಗೋಡೆಗೆ ಸಿಕ್ಕ ಈ ತುರ್ತು ಸಿರುಗುಪ್ಪದ ಬಸಿಗಾಲುವೆಗಳಿಗೂ, ಕೊನೆ ಭಾಗದ ತೂಬುಗಳಿಗೂ ಸಿಗಬೇಕು. ಅಲ್ಲಿಯವರೆಗೆ ಅಯ್ಯಂಗಾರರ ಪೀಳಿಗೆ ಆರಂಭಿಸಿದ ಕೆಲಸ ಅರ್ಧವೇ.