ಕಳೆಯೂ ಹಸಿರೇ, ಹೊಂಗೆಯೂ ಹಸಿರೇ

ನಗರದ ಹಸಿರನ್ನು ಉಪಗ್ರಹದಿಂದ ಅಳೆಯೋಕೆ ಎನ್‌ಡಿವಿಐ ಅನ್ನೋ ಸೂಚ್ಯಂಕ ಇದೆ. ಎಲೆ ಕೆಂಪು ಬೆಳಕನ್ನು ಹೀರಿ, ಇನ್ಫ್ರಾರೆಡ್ ಬೆಳಕನ್ನು ವಾಪಸ್ ಕಳಿಸುತ್ತೆ. ಆ ವ್ಯತ್ಯಾಸವೇ ಲೆಕ್ಕ. ಲೆಕ್ಕ ಸರಿ, ಅದನ್ನೇ ನಂಬಿ ಪಾರ್ಕ್ ಪ್ಲಾನ್ ಮಾಡೋದು ತಪ್ಪು. ಕೊಳಚೆ ನೀರು ಕುಡಿದು ಬೆಳೆದ ಕಳೆ ಬೆಳ್ಳಂದೂರು ಕೆರೆಯನ್ನು ಮುಚ್ಚಿದರೆ ನಕ್ಷೆಯಲ್ಲಿ ಅದೂ ಹಸಿರೇ. ಲಾನೂ ಹಸಿರೇ. ಆದರೆ ಬಿಸಿಲಿಗೆ ತಳ್ಳುಗಾಡಿಯವರು ನಿಲ್ಲೋದು ಹೊಂಗೆ ಮರದ ಕೆಳಗೆ.

2021ರಲ್ಲಿ ಸೆಸಿಲ್ ಕೊನೈನೆಂಡೈಕ್ ಮುಂದಿಟ್ಟ 3-30-300 ಸೂತ್ರ ಇದಕ್ಕಿಂತ ವಾಸಿ: ಮನೆಯಿಂದ ಕಾಣೋ 3 ಮರ, ಬಡಾವಣೆಯಲ್ಲಿ ಶೇ. 30ರಷ್ಟು ಮರದ ಹೊದಿಕೆ, 300 ಮೀಟರ್ ಒಳಗೆ ಪಾರ್ಕು. ಆದರೆ ಮಧ್ಯಾಹ್ನ ಆ ಪಾರ್ಕಿನ ಗೇಟಿಗೆ ಬೀಗ ಬಿದ್ದರೆ? ಆಗ 300 ಮೀಟರೂ ಒಂದೇ, ಮೂರು ಕಿಲೋಮೀಟರೂ ಒಂದೇ. ನಕ್ಷೆ ನೋಡಿ, ಬೇಡ ಅನ್ನಲ್ಲ. ಆಮೇಲೆ ಎರಡು ಗಂಟೆ ಬಿಸಿಲಲ್ಲಿ ಒಂದು ಬಸ್‌ಸ್ಟಾಪಲ್ಲಿ ನಿಂತೂ ನೋಡಿ.