ಹೆದ್ದಾರಿಯ ಕೆಳಗೊಂದು ಹಾದಿ

ಅಮೆರಿಕದ ಕೊಲರಾಡೊದ ಗ್ಲೆನ್‌ವುಡ್ ಕಣಿವೆಯಲ್ಲಿ ಹೆದ್ದಾರಿ ಪೂರ್ತಿಯಾದದ್ದು 1992ರಲ್ಲಿ. ಕಡಿದಾದ ಬಂಡೆಗಳ ನಡುವೆ ರಸ್ತೆಯನ್ನು ಕಂಬಗಳ ಮೇಲೇರಿಸಿದ ಎಂಜಿನಿಯರುಗಳು ಸೈಕಲ್ಲಿಗೂ ನದಿಯ ಮಗ್ಗುಲಲ್ಲೇ ಜಾಗ ಬಿಟ್ಟರಲ್ಲ, ಆ ದೊಡ್ಡ ಮನಸ್ಸಿಗೆ ಕೈಮುಗಿಯಬೇಕು! ಸುಮಾರು 25 ಕಿಲೋಮೀಟರ್ ನುಣುಪು ಹಾದಿ. ಕೆಲವೆಡೆ ಹೆದ್ದಾರಿ ನೆತ್ತಿಯ ಮೇಲೇ ಹಾಯುತ್ತದೆ: ಮೇಲೆ ಲಾರಿಗಳ ಗುಡುಗು, ಪಕ್ಕದಲ್ಲಿ ಕೊಲರಾಡೊ ನದಿಯ ಭೋರ್ಗರೆತ. ಕಾಂಕ್ರೀಟಿನ ತಣ್ಣನೆ ನೆರಳು ದಾಟಿ ಬಿಸಿಲಿಗೆ ಬಿದ್ದೊಡನೆ ಮುಗಿಲೆತ್ತರದ ಬಂಡೆಗೋಡೆ ಎದುರಾಗುತ್ತದೆ. ಆಚೆ ದಡದಲ್ಲಿ ರೈಲು ಸಾಗುತ್ತಿದ್ದರೆ ಪೆಡಲ್ ತುಳಿಯುವ ಕಾಲು ತಾನಾಗಿ ನಿಧಾನವಾಗುತ್ತದೆ. ನಡುವೆ ಸೈಕಲ್ಲಿಗೆ ಬೀಗ ಹಾಕಿ, ಕಲ್ಲುದಾರಿ ಹತ್ತಿದರೆ ಹಸಿರು ನೀಲಿ ನೀರಿನ ಹ್ಯಾಂಗಿಂಗ್ ಲೇಕ್. ಹಿಮ ಕರಗುವ ದಿನಗಳಲ್ಲಿ ಮಾತ್ರ ನದಿ ಉಕ್ಕಿ ಹಾದಿಯನ್ನೇ ನುಂಗುವುದುಂಟು. ಆಗ ಗೇಟು ಹಾಕುತ್ತಾರೆ, ನೀರು ಇಳಿಯುವವರೆಗೂ ಕಾಯಬೇಕು.