ಪಠ್ಯಪುಸ್ತಕಗಳ ಮರೆಯಲ್ಲಿ ಉಳಿದ ಭಾವಿಕಟ್ಟಿ

ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಸ್. ಎಸ್. ಭಾವಿಕಟ್ಟಿ ಎಂಬುದು ಮುಖ್ಯವಾಗಿ ಪಠ್ಯಪುಸ್ತಕಕಾರರೊಬ್ಬರ ಹೆಸರು. ಸುರತ್ಕಲ್ಲಿನಲ್ಲಿಯೂ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿಯೂ ಪಾಠ ಹೇಳಿದ ಈ ಪ್ರಾಧ್ಯಾಪಕರನ್ನು ಹೊಗಳುವವರು ಅವರ ಪುಸ್ತಕಗಳನ್ನು ಎಣಿಸಿ ತೋರಿಸುತ್ತಾರೆ. ಹಗುರವಾಗಿ ಕಾಣುವವರು ಅವೇ ಪುಸ್ತಕಗಳನ್ನು ಪರೀಕ್ಷೆಯ ಸರಕೆಂದು ತಳ್ಳಿಹಾಕುತ್ತಾರೆ. ಸಿ. ವಿ. ರಾಮಕೃಷ್ಣನ್ ಅವರೊಡನೆ ಅವರು 1979 ಮತ್ತು 1980ರಲ್ಲಿ ಪ್ರಕಟಿಸಿದ ಸಂಶೋಧನಾ ಪ್ರಬಂಧಗಳನ್ನು ಈ ಎರಡೂ ಗುಂಪಿನವರು ಓದಿದಂತೆ ಕಾಣುವುದಿಲ್ಲ. ಭಾವಿಕಟ್ಟಿಯವರ ವೃತ್ತಿಜೀವನದ ನಿಜವಾದ ಸಾಧನೆ ಇರುವುದು ಆ ಪ್ರಬಂಧಗಳಲ್ಲಿ.

ಪಠ್ಯಪುಸ್ತಕಗಳ ಉಪಯೋಗವನ್ನು ಅಲ್ಲಗಳೆಯಬೇಕಾಗಿಲ್ಲ. ಉಕ್ಕಿನ ಕಟ್ಟಡಗಳ ಭಾರತೀಯ ಸಂಹಿತೆಯಾದ ಐಎಸ್ 800, 1984ರ ಆವೃತ್ತಿಯ ನಂತರ 2007ರಲ್ಲಿ ಪರಿಷ್ಕೃತವಾಗಿ, ಲಿಮಿಟ್ ಸ್ಟೇಟ್ ವಿಧಾನವನ್ನು, ಎಂದರೆ ರಚನೆಯು ಯಾವ ಮಿತಿಯಲ್ಲಿ ಕುಸಿಯುತ್ತದೆ ಅಥವಾ ಬಳಕೆಗೆ ಬಾರದಂತಾಗುತ್ತದೆ ಎಂಬುದನ್ನು ಹಿಡಿದು ಲೆಕ್ಕ ಹಾಕುವ ಕ್ರಮವನ್ನು, ಮುಂದಿಟ್ಟಾಗ, ಹೊಸ ಸೂತ್ರಗಳನ್ನು ಬಿಡಿಸಿದ ಲೆಕ್ಕಗಳೊಡನೆ ತರಗತಿಗೆ ತಲುಪಿಸಿದವರಲ್ಲಿ ಭಾವಿಕಟ್ಟಿಯವರೂ ಒಬ್ಬರು. ಆದರೆ ಅಂಥ ಕೆಲಸವನ್ನು ಬೇರೆಯವರೂ ಮಾಡಿದ್ದಾರೆ.

1979ರ ಪ್ರಬಂಧದ ವಸ್ತು ಶೋಲ್ಡರ್ ಫಿಲೆಟ್. ಎಳೆತಕ್ಕೆ ಒಳಗಾದ ಅಗಲವಾದ ಪಟ್ಟಿಯೊಂದು ಕಿರಿದಾಗುವ ಕಡೆ ಮೂಲೆಯನ್ನು ಚೂಪಾಗಿ ಬಿಡದೆ ಕೊಡುವ ಬಾಗಿದ ಅಂಚಿಗೆ ಈ ಹೆಸರು. ಅಗಲ ಬದಲಾಗುವಲ್ಲಿ ಬಲದ ಹರಿವು ಒತ್ತೊತ್ತಾಗಿ, ಪೀಡನವು, ಎಂದರೆ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಬಲವು, ಅಂಚಿನಲ್ಲಿ ಏರುತ್ತದೆ. ವೃತ್ತದ ಕಮಾನು ಆ ಏರಿಕೆಯನ್ನು ತಗ್ಗಿಸುತ್ತದೆಯಾದರೂ ಅಳಿಸುವುದಿಲ್ಲ. ಹಾಗಾದರೆ ಅಂಚಿನ ಉದ್ದಕ್ಕೂ ಪೀಡನವನ್ನು ಆದಷ್ಟು ಸಮನಾಗಿಸುವ ಬಾಗು ಯಾವುದು ಎಂಬ ಪ್ರಶ್ನೆ ಹಳೆಯದು. ಬಾಡ್ ಎಂಬ ಇಂಜಿನಿಯರ್ 1934ರಲ್ಲಿಯೇ ಅದನ್ನು ಎತ್ತಿಕೊಂಡಿದ್ದನು. ಭಾವಿಕಟ್ಟಿ ಮತ್ತು ರಾಮಕೃಷ್ಣನ್ ಅದನ್ನು ಫೈನೈಟ್ ಎಲಿಮೆಂಟ್ ವಿಧಾನಕ್ಕೆ, ಎಂದರೆ ವಸ್ತುವನ್ನು ಚಿಕ್ಕ ತುಂಡುಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ವಿಧಾನಕ್ಕೆ, ಒಪ್ಪಿಸಿದರು. ಇಲ್ಲಿ ಒಂದು ತೊಡಕಿದೆ. ಅಂಚಿನ ಪ್ರತಿಯೊಂದು ಬಿಂದುವನ್ನೂ ಸ್ವತಂತ್ರವಾಗಿ ಸರಿಸಲು ಗಣಕಕ್ಕೆ ಬಿಟ್ಟರೆ ಅಂಚು ಗರಗಸದ ಹಲ್ಲಿನಂತಾಗಿ, ಆ ಹಲ್ಲುಗಳಲ್ಲಿ ಕಾಣುವ ಪೀಡನವೇ ನಂಬಲಾರದ್ದಾಗುತ್ತದೆ. ಅವರು ಬಿಂದುಗಳನ್ನು ಬಿಟ್ಟು, ಅಂಚನ್ನು ಒಂದು ಬಹುಪದೋಕ್ತಿಯಾಗಿ ಬರೆದು, ಅದರ ಸಹಗುಣಕಗಳನ್ನು ಮಾತ್ರ ಬದಲಾಗುವ ರಾಶಿಗಳೆಂದು ಇಟ್ಟುಕೊಂಡರು. ಇದರಿಂದ ನಿರ್ಧರಿಸಬೇಕಾದ ಅಂಕಿಗಳು ಕೆಲವಕ್ಕೆ ಇಳಿದವು, ಅಂಚು ನಯವಾಗಿಯೂ ಉಳಿಯಿತು. 1980ರಲ್ಲಿ ತಿರುಗುವ ತಟ್ಟೆಗಳ ಆಕಾರಕ್ಕೂ ಇದೇ ಬುದ್ಧಿಯನ್ನು ಹಚ್ಚಿದರು. ಬಹುಪದೋಕ್ತಿಯ ಘಾತ ಏರಿದಂತೆ ರೇಖೆ ಅಲೆಯಾಡುತ್ತದೆ ಎಂಬುದು ಈ ಮಾರ್ಗದ ದೋಷ, ಮುಂದೆ ಬಂದ ಸ್ಪ್ಲೈನ್ ರೇಖೆಗಳು, ಎಂದರೆ ಚಿಕ್ಕ ಬಹುಪದೋಕ್ತಿಗಳನ್ನು ನಯವಾಗಿ ಜೋಡಿಸಿದ ರೇಖೆಗಳು, ಅದನ್ನು ನಿವಾರಿಸಿದವು; ಆದರೂ ಬಿಂದುವಿನ ಬದಲು ರೇಖೆಯನ್ನೇ ವಿನ್ಯಾಸದ ವಸ್ತುವಾಗಿ ಹಿಡಿದ ನಿರ್ಧಾರದ ಬೆಲೆ ಅದರಿಂದ ಕುಂದುವುದಿಲ್ಲ.

ಇದೆಲ್ಲ ಯಂತ್ರಭಾಗಗಳ ವಿಚಾರ, ಕಟ್ಟಡದ ಉಕ್ಕಿಗೆ ಸಂಬಂಧಿಸಿದ್ದಲ್ಲ ಎಂಬ ಆಕ್ಷೇಪಣೆ ಸಿವಿಲ್ ವಿಭಾಗಗಳಲ್ಲಿ ಸಾಮಾನ್ಯವಾದದ್ದು. ಮೆದು ಉಕ್ಕು ಅತಿಪೀಡನದ ಜಾಗದಲ್ಲಿ ತುಸು ಹಿಗ್ಗಿ ಹೊರೆಯನ್ನು ಪಕ್ಕಕ್ಕೆ ಹಂಚುತ್ತದೆ ಎಂಬ ಆ ವಿಭಾಗದವರ ಆಧಾರವು ನಿಂತ ಹೊರೆಯ ಮಟ್ಟಿಗೆ ಸರಿ. ಆದರೆ ಕಾರ್ಖಾನೆಯ ಕ್ರೇನ್ ಹೊರುವ ಗ್ಯಾಂಟ್ರಿ ತೊಲೆಗೆ ಬೀಳುವುದು ಮತ್ತೆ ಮತ್ತೆ ಬಂದುಹೋಗುವ ಹೊರೆ; ಅಲ್ಲಿ ಲೋಹ ದಣಿದು ಬಿರುಕು ಹುಟ್ಟುವುದು ಇಂಥ ಏರಿದ ಪೀಡನದ ಜಾಗದಲ್ಲಿಯೇ, ಮತ್ತು ಐಎಸ್ 800ರ 13ನೆಯ ಅಧ್ಯಾಯವಿರುವುದು ಈ ದಣಿವಿಗಾಗಿಯೇ. ಹೀಗಿರುವಾಗ ಆಕ್ಷೇಪಣೆ ಎತ್ತುವವರು ತಮ್ಮ ಸಂಹಿತೆಯನ್ನೇ ಅರ್ಧಕ್ಕೆ ಓದಿ ನಿಲ್ಲಿಸಿದ್ದಾರೆ ಎನ್ನಬೇಕಾಗುತ್ತದೆ.

ಭಾವಿಕಟ್ಟಿಯವರ ಮೇಲೆ ಹೊರಿಸಬಹುದಾದ ದೂರು ಇದಕ್ಕಿಂತ ಗಂಭೀರವಾದದ್ದು. ಒಂದೇ ಕಾಲಿನಿಂದ ಜೋಡಿಸಿದ ಆಂಗಲ್, ಎಂದರೆ ಎಲ್ ಆಕಾರದ ಉಕ್ಕಿನ ತುಂಡು, ಎಳೆತಕ್ಕೆ ಸಿಕ್ಕಾಗ ಹೊರಚಾಚಿದ ಕಾಲು ತನ್ನ ಪಾಲಿನ ಬಲವನ್ನು ಪೂರ್ತಿ ಹೊರುವುದಿಲ್ಲ. ಶಿಯರ್ ಲ್ಯಾಗ್ ಎನ್ನುವ ಈ ನಷ್ಟವನ್ನು 2007ರ ಸಂಹಿತೆ 0.7ಕ್ಕಿಂತ ಕೆಳಗಿಳಿಯದ ಬೀಟಾ ಎಂಬ ಗುಣಕದಲ್ಲಿ ಅಡಕಗೊಳಿಸುತ್ತದೆ. ಬಲವು ಹರಿಯುವ ದಾರಿ ಬದಲಾದಾಗ ಪೀಡನ ಸಮನಾಗಿ ಹರಡುವುದಿಲ್ಲ ಎಂಬ ಫಿಲೆಟ್ಟಿನ ತತ್ತ್ವವೇ ಇಲ್ಲಿಯೂ ಇರುವುದರಿಂದ, ಎಳೆತದ ಅಧ್ಯಾಯವನ್ನು ಬೀಟಾದ ಸೂತ್ರದ ಬದಲು ಆ ಎರಡು ಅಗಲದ ಪಟ್ಟಿಯಿಂದ ಆರಂಭಿಸುವ ಪುಸ್ತಕವನ್ನು ಬರೆಯಲು ಅವರಷ್ಟು ಅರ್ಹರು ಕರ್ನಾಟಕದಲ್ಲಿ ಬೇರೆ ಇರಲಿಲ್ಲ; ಅದನ್ನು ಅವರು ಬರೆಯಲಿಲ್ಲ ಎಂಬುದೇ ಆ ದೂರು.